ವಿಶ್ವವಿದ್ಯಾಲಯದ ಅಂಗಳದ ಅಮೂರ್ತ ಶಿಲ್ಪ: ಇಟ್ಟವರು ಯಾರು, ನೋಡಿಕೊಳ್ಳುವವರು ಯಾರು?

ವಿಶ್ವವಿದ್ಯಾಲಯಗಳ ಆವರಣದಲ್ಲಿ ನಿಂತ, ಯಾವ ವ್ಯಕ್ತಿ-ವಸ್ತುವಿನ ಹೋಲಿಕೆಯೂ ಇಲ್ಲದ ಅಮೂರ್ತ ಶಿಲ್ಪಗಳು ಸುದ್ದಿಗೆ ಬರುವುದು ಸಾಮಾನ್ಯವಾಗಿ ಎರಡೇ ಸಲ. ಸ್ಥಾಪನೆಯಾದಾಗ ಒಮ್ಮೆ ಬರುತ್ತವೆ. ಇಷ್ಟೊಂದು ಹಣ ಸುರಿದು ನಿಲ್ಲಿಸಿದ್ದು ಏನೆಂದು ವಿದ್ಯಾರ್ಥಿಗಳಿಗೂ ಗೊತ್ತಿಲ್ಲ, ಸಿಬ್ಬಂದಿಗೂ ಗೊತ್ತಿಲ್ಲ ಎಂಬುದು ಆಗಿನ ವರದಿಗಳ ಧಾಟಿ. ತೆರವು ಮಾಡುವಾಗ ಇನ್ನೊಮ್ಮೆ ಬರುತ್ತವೆ. ಆಗ ಕಲಾವಿದರು ಪ್ರತಿಭಟಿಸುತ್ತಾರೆ, ಆಡಳಿತವು ಜಾಗವೂ ನಮ್ಮದು, ಸ್ವತ್ತೂ ನಮ್ಮದು ಎನ್ನುತ್ತದೆ. ಈ ಎರಡು ಸುದ್ದಿಗಳ ನಡುವಿನ ಹತ್ತಿಪ್ಪತ್ತು ವರ್ಷಗಳಲ್ಲಿ ಆ ಶಿಲ್ಪವನ್ನು ಯಾರು ನೋಡಿಕೊಂಡರು, ಅಥವಾ ಯಾರೂ ನೋಡಿಕೊಳ್ಳಲಿಲ್ಲವೇ ಎಂಬುದು ಎಲ್ಲಿಯೂ ಅಚ್ಚಾಗುವುದಿಲ್ಲ.

ಇಂಥ ಸುದ್ದಿ ಓದಿದವರಿಗೆ ಗೊಂದಲವಾಗುವುದು ಸಹಜ. ಹಣ ಕೊಟ್ಟು ಮಾಡಿಸಿದವರೇ ಅದನ್ನು ತೆಗೆಯಲು ಹೊರಟರೆ ತಪ್ಪೇನು? ಇಂಥದ್ದೆಂದು ಹೆಸರಿಸಲಾಗದ ಆಕೃತಿಗೆ ಸಾರ್ವಜನಿಕ ಹಣವನ್ನು ಯಾಕೆ ಖರ್ಚು ಮಾಡಬೇಕು? ದಾವಣಗೆರೆ ಮತ್ತು ಚಿತ್ರದುರ್ಗದ ಓದುಗರಿಗೆ ಇವು ದೂರದ ಪ್ರಶ್ನೆಗಳಲ್ಲ. 2009ರಲ್ಲಿ ಸ್ವತಂತ್ರ ವಿಶ್ವವಿದ್ಯಾಲಯವಾದ ದಾವಣಗೆರೆ ವಿ.ವಿ.ಯ ಮುಖ್ಯ ಆವರಣ ತೋಳಹುಣಸೆಯ ಶಿವಗಂಗೋತ್ರಿಯಲ್ಲಿದೆ. ಚಿತ್ರದುರ್ಗದ ಹತ್ತಿರ ಜಿ.ಆರ್. ಹಳ್ಳಿಯ ಜ್ಞಾನಗಂಗೋತ್ರಿಯಲ್ಲಿ ಅದರ ಸ್ನಾತಕೋತ್ತರ ಕೇಂದ್ರವಿದೆ. 1964ರಲ್ಲಿ ಆರಂಭವಾದ ದಾವಣಗೆರೆಯ ದೃಶ್ಯಕಲಾ ಮಹಾವಿದ್ಯಾಲಯವೂ ಇದೇ ವಿಶ್ವವಿದ್ಯಾಲಯದ ಭಾಗ. ಶಿಲ್ಪ ಕಲಿಸುವ ಸಂಸ್ಥೆಯೂ ಶಿಲ್ಪ ನಿಲ್ಲಿಸಬಹುದಾದ ವಿಶಾಲ ಬಯಲೂ ಒಂದೇ ಆಡಳಿತದ ಕೈಯಲ್ಲಿರುವ ಊರು ರಾಜ್ಯದಲ್ಲಿ ಹೆಚ್ಚಿಲ್ಲ. ಆದ್ದರಿಂದ ಈ ಚರ್ಚೆ ಇಲ್ಲಿ ಇಂದಲ್ಲ ನಾಳೆ ಆಗಬೇಕಾದದ್ದೇ.

ಚರ್ಚೆ ಎಲ್ಲಿ ಹಾದಿ ತಪ್ಪುತ್ತದೆ ಎಂಬುದನ್ನು ಮೊದಲೇ ಹೇಳಿಬಿಡಬೇಕು. ‘ಇದರ ಅರ್ಥವೇನು’ ಎಂಬ ಪ್ರಶ್ನೆಯೇ ಮಾತನ್ನೆಲ್ಲ ನುಂಗಿಹಾಕುತ್ತದೆ. ಆಯ್ಕೆ ಮಾಡಿದವರು ಯಾರು, ಜಾಗ ಗೊತ್ತುಮಾಡಿದವರು ಯಾರು, ಕಲಾವಿದನೊಂದಿಗೆ ಆದ ಒಪ್ಪಂದದಲ್ಲಿ ಏನಿದೆ, ತುಕ್ಕು ಹಿಡಿದರೆ ಉಜ್ಜುವವರು ಯಾರು ಎಂಬ ಪ್ರಶ್ನೆಗಳು ಅದರ ನೆರಳಿನಲ್ಲಿ ಉಳಿದುಬಿಡುತ್ತವೆ. ಶಿಲ್ಪದ ಭವಿಷ್ಯ ಮಾತ್ರ ನಿರ್ಧಾರವಾಗುವುದು ಈ ನೆರಳಿನ ಪ್ರಶ್ನೆಗಳಿಂದಲೇ.

ಪುತ್ಥಳಿಗೆ ಇರುವ ಆಸರೆ

ನಮ್ಮ ಊರುಗಳ ವೃತ್ತಗಳಲ್ಲಿ ನಿಂತ ಪುತ್ಥಳಿಗಳನ್ನು ಗಮನಿಸಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ. ಪುತ್ಥಳಿಗೆ ವರ್ಷಕ್ಕೊಮ್ಮೆಯಾದರೂ ಜಯಂತಿ ಇರುತ್ತದೆ. ಜಯಂತಿಯ ಹಿಂದಿನ ದಿನ ನಗರಪಾಲಿಕೆಯ ನೌಕರರು ಬಂದು ತೊಳೆಯುತ್ತಾರೆ, ಕಟಕಟೆಗೆ ಬಣ್ಣ ಬಳಿಯುತ್ತಾರೆ, ಮಾರನೆಯ ದಿನ ಮಾಲಾರ್ಪಣೆ ನಡೆಯುತ್ತದೆ. ಆ ವ್ಯಕ್ತಿಯನ್ನು ಗೌರವಿಸುವ ಸಂಘಟನೆಗಳು ಪುತ್ಥಳಿಗೆ ಸ್ವಲ್ಪ ಕುಂದಾದರೂ ದನಿ ಎತ್ತುತ್ತವೆ. ಅಂದರೆ ಪುತ್ಥಳಿಯನ್ನು ಕಾಪಾಡುವ ವ್ಯವಸ್ಥೆಯೊಂದು ಅದರ ಜೊತೆಗೇ ಬರುತ್ತದೆ. ಅದನ್ನು ಯಾರೂ ಪ್ರತ್ಯೇಕವಾಗಿ ಕಟ್ಟಬೇಕಾಗಿಲ್ಲ.

ಅಮೂರ್ತ ಶಿಲ್ಪಕ್ಕೆ ಇದಾವುದೂ ಇಲ್ಲ. ಅದಕ್ಕೆ ಜಯಂತಿಯಿಲ್ಲ, ಅಭಿಮಾನಿ ಸಂಘವಿಲ್ಲ, ಅದಕ್ಕೆ ಹಾನಿಯಾದರೆ ಅವಮಾನವಾಯಿತೆಂದು ಭಾವಿಸುವ ಸಮುದಾಯವಿಲ್ಲ. ಸ್ಥಾಪಿಸಿದ ಕುಲಪತಿಗಳ ಅವಧಿ ಮುಗಿದ ಮೇಲೆ ಕಚೇರಿಯಲ್ಲಿ ಅದರ ಕಡತ ಎಲ್ಲಿದೆ ಎಂದು ಹುಡುಕುವವರೂ ಸಿಗುವುದಿಲ್ಲ.

ಅಮೂರ್ತ ಶಿಲ್ಪವನ್ನು ಸಮರ್ಥಿಸುವವರು ಇಲ್ಲಿ ಒಂದು ಮಾತು ಹೇಳುವುದುಂಟು. ನಮ್ಮ ಜನಕ್ಕೆ ರೂಪವಿಲ್ಲದ ಕಲ್ಲು ಹೊಸದಲ್ಲ, ಲಿಂಗವನ್ನೂ ಸಾಲಿಗ್ರಾಮವನ್ನೂ ಪೂಜಿಸುವವರಿಗೆ ಅಮೂರ್ತ ಕಲೆ ಯಾಕೆ ಅರ್ಥವಾಗದು ಎಂದು ಅವರು ಕೇಳುತ್ತಾರೆ. ಈ ಸೀಮೆಯಲ್ಲಿ ಆ ಮಾತಿಗೆ ಇನ್ನಷ್ಟು ಉದಾಹರಣೆಗಳು ಸಿಗುತ್ತವೆ. ಊರು ಕಟ್ಟುವಾಗ ನೆಟ್ಟ ಕರುಗಲ್ಲು ಅನೇಕ ಹಳ್ಳಿಗಳಲ್ಲಿ ಇಂದಿಗೂ ಇದೆ. ಅದರ ಮೇಲೆ ಕಣ್ಣು ಮೂಗು ಕೆತ್ತಿರುವುದಿಲ್ಲ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ 1947ರಲ್ಲಿ ಉತ್ಖನನ ನಡೆಸಿದಾಗ ಅಧ್ಯಯನ ಮಾಡಿದ ಬೃಹತ್ ಶಿಲಾಗೋರಿಗಳ ಕಲ್ಲುವೃತ್ತಗಳೂ ಆಕೃತಿಯಿಂದಲೇ ಮಾತನಾಡುವಂಥವು.

ಈ ವಾದ ಅರ್ಧ ಮಾತ್ರ ಸರಿ. ಕರುಗಲ್ಲಿಗೆ ರೂಪವಿಲ್ಲ ನಿಜ, ಆದರೆ ಅದರ ಸುತ್ತ ಆಚರಣೆಯಿದೆ. ಯಾವಾಗ ಪೂಜೆ ಮಾಡಬೇಕು, ಯಾರು ಮಾಡಬೇಕು, ಅದರ ಮೇಲೆ ಕೂರಬಾರದು ಎಂಬುದನ್ನು ಊರಿನ ಮಗು ನೋಡಿ ನೋಡಿಯೇ ಕಲಿಯುತ್ತದೆ. ಜನ ಕರುಗಲ್ಲನ್ನು ಒಪ್ಪಿಕೊಂಡಿರುವುದಕ್ಕೆ ಅದರ ಆಕಾರಕ್ಕಿಂತ ಈ ಒಡನಾಟವೇ ದೊಡ್ಡ ಕಾರಣ. ಕ್ಯಾಂಪಸ್ಸಿನ ಶಿಲ್ಪಕ್ಕೆ ಅಂಥ ಒಡನಾಟ ತಾನಾಗಿ ಹುಟ್ಟುವುದಿಲ್ಲ. ತರಗತಿಯ ಪಾಠ, ಮಾಹಿತಿ ಫಲಕ, ಅದರ ಸುತ್ತ ನಡೆಯುವ ಕಾರ್ಯಕ್ರಮ, ಕನಿಷ್ಠ ಅದರ ನೆರಳಿನಲ್ಲಿ ಕೂರಲು ಒಂದು ಕಲ್ಲುಬೆಂಚು, ಹೀಗೆ ಸಂಸ್ಥೆಯೇ ಅದನ್ನು ಬೆಳೆಸಬೇಕಾಗುತ್ತದೆ. ಬೆಳೆಸದಿದ್ದರೆ ಜನರಿಗೆ ಕಲಾಭಿರುಚಿ ಇಲ್ಲವೆಂದು ದೂರುವ ಹಕ್ಕು ಸಂಸ್ಥೆಗೆ ಇರುವುದಿಲ್ಲ.

ಶಾಂತಿನಿಕೇತನದ ದೀಪಸ್ತಂಭ

ಭಾರತದಲ್ಲಿ ಕ್ಯಾಂಪಸ್ಸಿನ ಬಯಲಿನಲ್ಲಿ ಅಮೂರ್ತ ಶಿಲ್ಪ ನಿಲ್ಲಿಸುವುದು ಇತ್ತೀಚಿನ ಶೋಕಿ ಎಂಬ ಅಭಿಪ್ರಾಯವಿದೆ. ಅದು ಸರಿಯಲ್ಲ. ಶಾಂತಿನಿಕೇತನದ ಕಲಾಶಾಲೆಯಾದ ಕಲಾಭವನದಲ್ಲಿ ಕಲಿತು ಅಲ್ಲಿಯೇ ಶಿಲ್ಪ ಕಲಿಸಿದ ರಾಮ್‌ಕಿಂಕರ್ ಬೈಜ್ 1940ರಲ್ಲಿ ಅದೇ ಆವರಣದಲ್ಲಿ ಒಂದು ದೀಪಸ್ತಂಭವನ್ನು ಮಾಡಿದರು. ದೀಪ ಇಡುವ ಸಾಮಾನ್ಯ ಕಂಬದ ಬದಲು ಒಂದರೊಳಗೊಂದು ಹೊಕ್ಕು ಮೇಲೇಳುವ ಆಕಾರಗಳ ರಚನೆ ಅದು. ದೇಶದ ಮೊದಮೊದಲ ಅಮೂರ್ತ ಬಯಲು ಶಿಲ್ಪಗಳಲ್ಲಿ ಅದನ್ನು ಕಲಾ ಇತಿಹಾಸಕಾರರು ಎಣಿಸುತ್ತಾರೆ. ಅದಕ್ಕೆ ಎರಡು ವರ್ಷ ಮೊದಲು, 1938ರಲ್ಲಿ, ಅವರು ಸಂತಾಲ ಕುಟುಂಬವೊಂದರ ಗುಂಪು ಶಿಲ್ಪವನ್ನು ಮಾಡಿದ್ದರು. 1956ರಲ್ಲಿ ಗಿರಣಿಯ ಕರೆಗೆ ಓಡುವ ಹೆಣ್ಣುಮಕ್ಕಳ ಶಿಲ್ಪ ಬಂತು.

ಈ ಕೃತಿಗಳು ಅಲ್ಲಿ ನೆಲೆಯೂರಿದ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಕಂಚು ದುಬಾರಿ, ಒಳ್ಳೆಯ ಕಲ್ಲು ಸುತ್ತಮುತ್ತ ಸಿಗುತ್ತಿರಲಿಲ್ಲ. ಹಾಗಾಗಿ ಕಬ್ಬಿಣದ ಸರಳುಗಳ ಹಂದರ ಕಟ್ಟಿ, ಸಿಮೆಂಟಿಗೆ ಆ ಸೀಮೆಯ ಕೆಂಪು ಜಂಬಿಟ್ಟಿಗೆಯ ಹರಳುಗಳನ್ನು ಕಲಸಿ, ಹಿಡಿ ಹಿಡಿಯಾಗಿ ಹಂದರದ ಮೇಲೆ ಎಸೆದು, ಅದು ಪೂರ್ತಿ ಗಟ್ಟಿಯಾಗುವ ಮುನ್ನ ಉಳಿಯಿಂದ ಕೆತ್ತಿ ಆಕಾರ ಕೊಟ್ಟರು. ಆದ್ದರಿಂದಲೇ ಆ ಶಿಲ್ಪಗಳ ಮೈ ನುಣುಪಾಗಿಲ್ಲ. ಹರಳು ಹರಳಾಗಿ, ಅಲ್ಲಿನ ನೆಲದ ಬಣ್ಣವನ್ನೇ ಹೊತ್ತು ನಿಂತಿವೆ. ಕೆಲಸ ನಡೆದದ್ದು ವಿದ್ಯಾರ್ಥಿಗಳು ದಿನವೂ ಓಡಾಡುವ ಜಾಗದಲ್ಲಿ. ಹಂದರ ಕಟ್ಟಿದ್ದನ್ನು, ಗಾರೆ ಎಸೆದದ್ದನ್ನು, ಮಳೆ ಬಂದು ಕೆಲಸ ನಿಂತದ್ದನ್ನು ಕಂಡವರಿಗೆ ಸಿದ್ಧವಾದ ಶಿಲ್ಪ ಅಪರಿಚಿತವಾಗಿ ಉಳಿಯುವುದಿಲ್ಲ.

ಸಂಸ್ಥೆಯ ಬೆಂಬಲವೂ ಇತ್ತು. ರವೀಂದ್ರನಾಥ ಠಾಕೂರರೂ ಕಲಾಭವನವನ್ನು ಮುನ್ನಡೆಸಿದ ಚಿತ್ರಕಲಾವಿದ ನಂದಲಾಲ್ ಬೋಸರೂ ಈ ಯುವ ಶಿಲ್ಪಿಯ ಬಯಲು ಕೃತಿಗಳಿಗೆ ಒತ್ತಾಸೆಯಾಗಿದ್ದರು. 2023ರಲ್ಲಿ ಶಾಂತಿನಿಕೇತನವು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದಾಗ, ಒಂದು ಕಾಲಕ್ಕೆ ವಿಚಿತ್ರವೆನಿಸಿದ್ದ ಈ ಸಿಮೆಂಟಿನ ಆಕೃತಿಗಳು ಆ ಪರಂಪರೆಯೊಳಗೇ ಇದ್ದವು.

ಸ್ಥಳಕ್ಕೂ ರೂಪಕ್ಕೂ ಇರುವ ನಂಟಿಗೆ ಇನ್ನೊಂದು ಉದಾಹರಣೆ ಅಮೆರಿಕದ ಷಿಕಾಗೊ ವಿಶ್ವವಿದ್ಯಾಲಯದ್ದು. 1942ರ ಡಿಸೆಂಬರ್ 2ರಂದು ಭೌತವಿಜ್ಞಾನಿ ಎನ್ರಿಕೊ ಫರ್ಮಿಯ ತಂಡ ನಿಯಂತ್ರಿತ ಪರಮಾಣು ಸರಣಿ ಕ್ರಿಯೆಯನ್ನು ಮೊದಲ ಬಾರಿಗೆ ಸಾಧಿಸಿದ ಜಾಗದಲ್ಲಿ, ಸರಿಯಾಗಿ 25 ವರ್ಷಗಳ ನಂತರ, ಇಂಗ್ಲೆಂಡಿನ ಶಿಲ್ಪಿ ಹೆನ್ರಿ ಮೂರ್ ಅವರ ಕಂಚಿನ ಶಿಲ್ಪ ಅನಾವರಣಗೊಂಡಿತು. ಅದು ಕೆಲವರಿಗೆ ತಲೆಬುರುಡೆಯಂತೆ, ಕೆಲವರಿಗೆ ಅಣುಬಾಂಬಿನ ಹೊಗೆಯ ಅಣಬೆಯಂತೆ ಕಾಣುತ್ತದೆ. ಅಲ್ಲಿ ಏನು ನಡೆಯಿತೆಂದು ತಿಳಿದವರಿಗೆ ಈ ಎರಡು ಕಾಣ್ಕೆಗಳೂ ಒಟ್ಟಿಗೆ ಯಾಕೆ ಬಂದವೆಂದು ವಿವರಿಸಬೇಕಾಗಿಲ್ಲ.

ಹಣದ ಪ್ರಶ್ನೆ

ವಿರೋಧಿಸುವವರ ಮೊದಲ ಮಾತು ಹಣದ್ದು, ಅದನ್ನು ಹಗುರವಾಗಿ ಕಾಣಬಾರದು. ಅತಿಥಿ ಉಪನ್ಯಾಸಕರ ಗೌರವಧನ ತಿಂಗಳುಗಟ್ಟಲೆ ಬಾಕಿ ಉಳಿಯುವ, ಹಾಸ್ಟೆಲ್ ಕೋಣೆಗಳಲ್ಲಿ ಮಿತಿಮೀರಿ ಹಾಸಿಗೆಗಳಿರುವ ಸನ್ನಿವೇಶ ರಾಜ್ಯದ ವಿಶ್ವವಿದ್ಯಾಲಯಗಳಿಗೆ ಹೊಸದಲ್ಲ. ಅಂಥಲ್ಲಿ ಉಕ್ಕಿನ ಆಕೃತಿಯೊಂದಕ್ಕೆ ಲಕ್ಷಗಟ್ಟಲೆ ಹಣ ಎಂದರೆ ವಿದ್ಯಾರ್ಥಿಗಳಿಗೆ ಸಿಟ್ಟು ಬರುವುದು ನ್ಯಾಯ.

ಆಡಳಿತ ಇದಕ್ಕೆ ಕೊಡುವ ಉತ್ತರವೆಂದರೆ ಒಂದು ಲೆಕ್ಕ ಶೀರ್ಷಿಕೆಯ ಹಣವನ್ನು ಇನ್ನೊಂದಕ್ಕೆ ಬಳಸಲಾಗದು ಎಂಬುದು. ಕಟ್ಟಡ, ಆವರಣ ಅಭಿವೃದ್ಧಿಗೆಂದು ಬಂದ ಅನುದಾನವನ್ನು ವೇತನಕ್ಕೆ ತಿರುಗಿಸಲು ನಿಯಮ ಬಿಡುವುದಿಲ್ಲ. ಮಾತು ನಿಜ. ಆದರೆ ಆವರಣ ಅಭಿವೃದ್ಧಿಯ ಹಣದಲ್ಲೇ ಕುಡಿಯುವ ನೀರಿನ ಘಟಕ, ಶೌಚಾಲಯ, ನೆರಳಿನ ದಾರಿ ಬರಬಹುದು. ಆದ್ದರಿಂದ ಆದ್ಯತೆಯ ಪ್ರಶ್ನೆ ಲೆಕ್ಕ ಶೀರ್ಷಿಕೆಯ ಹೆಸರು ಹೇಳಿದ ಮಾತ್ರಕ್ಕೆ ಮುಗಿಯುವುದಿಲ್ಲ. ವಿಶ್ವವಿದ್ಯಾಲಯದ ಆಡಳಿತ ಮಂಡಳಿಯಾದ ಸಿಂಡಿಕೇಟ್‌ನ ಸಭೆಯಲ್ಲಿ ಅದನ್ನು ಚರ್ಚಿಸಿ, ಕಾರಣ ಬರೆದು, ನಿರ್ಣಯವನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸಿದರೆ ಅರ್ಧ ಅನುಮಾನ ಅಲ್ಲಿಯೇ ಕರಗುತ್ತದೆ. ಪ್ರಕಟಿಸದಿದ್ದರೆ 2005ರ ಮಾಹಿತಿ ಹಕ್ಕು ಅಧಿನಿಯಮದಡಿ ಅರ್ಜಿ ಬರುತ್ತದೆ, ಅದೇ ದಾಖಲೆ ಅನುಮಾನದ ರೂಪದಲ್ಲಿ ಹೊರಬರುತ್ತದೆ.

ಕೆಲವು ದೇಶಗಳು ಈ ಇಕ್ಕಟ್ಟನ್ನು ಬೇರೆ ರೀತಿಯಲ್ಲಿ ಬಗೆಹರಿಸಿವೆ. ಫ್ರಾನ್ಸ್ 1951ರಲ್ಲಿ ಶಿಕ್ಷಣ ಸಂಸ್ಥೆಗಳ ಕಟ್ಟಡ ವೆಚ್ಚದ ನೂರಕ್ಕೆ ಒಂದು ಭಾಗವನ್ನು ಕಲೆಗೆ ಮೀಸಲಿಡುವ ಪದ್ಧತಿ ತಂದಿತು. ಅಮೆರಿಕದ ಕೇಂದ್ರ ಸರ್ಕಾರ ತನ್ನ ಕಟ್ಟಡಗಳ ಅಂದಾಜು ವೆಚ್ಚದ ಶೇ. 0.5ರಷ್ಟನ್ನು ಕಲಾಕೃತಿಗೆಂದು ಎತ್ತಿಡುತ್ತದೆ. ಪ್ರಮಾಣ ಮೊದಲೇ ಗೊತ್ತಿದ್ದರೆ, ಶಿಲ್ಪ ಬಂದ ದಿನ ಹಣ ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಸಿದ್ಧ ಉತ್ತರವಿರುತ್ತದೆ.

ಖರ್ಚು ಮಾಡುವ ವಿಧಾನದಲ್ಲಿ ಇನ್ನೊಂದು ಸಮಸ್ಯೆಯಿದೆ, ನನ್ನ ದೃಷ್ಟಿಯಲ್ಲಿ ಅದೇ ಹೆಚ್ಚು ಗಂಭೀರ. ಸಾರ್ವಜನಿಕ ಹಣದ ಕಾಮಗಾರಿ ಮತ್ತು ಖರೀದಿಗಳಿಗೆ ಕರ್ನಾಟಕದಲ್ಲಿ 1999ರ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ ಅನ್ವಯಿಸುತ್ತದೆ. ಟೆಂಡರ್ ಕರೆಯುವುದು ಸಾಮಾನ್ಯ ನಿಯಮ, ವಿನಾಯಿತಿಗಳು ಅದರ 4ನೇ ಪ್ರಕರಣದಲ್ಲಿ (ಸೆಕ್ಷನ್) ಇವೆ. ರಸ್ತೆ, ಚರಂಡಿಗೆ ಕಡಿಮೆ ದರ ಕೂಗಿದವರನ್ನು ಆರಿಸುವುದು ಒಪ್ಪಿತ ಕ್ರಮ. ಶಿಲ್ಪವನ್ನೂ ಉದ್ಯಾನ ಕಾಮಗಾರಿಯ ಒಂದು ಐಟಂ ಎಂದು ಅದರೊಳಗೆ ಸೇರಿಸಿಬಿಟ್ಟರೆ ಅದರ ವಿನ್ಯಾಸ ಗುತ್ತಿಗೆದಾರನ ಕೈಗೆ ಹೋಗುತ್ತದೆ. ಆಗ ಬರುವುದು ಯಾವುದೋ ಫ್ಯಾಬ್ರಿಕೇಷನ್ ಅಂಗಡಿಯಲ್ಲಿ ಬೆಸೆದ ಅಲಂಕಾರದ ತುಂಡು. ಅದನ್ನು ಜನ ಅಮೂರ್ತ ಕಲೆ ಎಂದುಕೊಂಡು ಬೈಯುತ್ತಾರೆ, ನಿಜವಾದ ಶಿಲ್ಪಿಯ ಕೃತಿಗೂ ಅದೇ ಹೆಸರು ಅಂಟುತ್ತದೆ. ವಿನ್ಯಾಸವನ್ನು ಸ್ಪರ್ಧೆ ಮತ್ತು ತಜ್ಞರ ಸಮಿತಿಯಿಂದ ಆರಿಸಿ, ಅಡಿಪಾಯ, ಸಾಗಣೆ, ಕ್ರೇನ್ ಇತ್ಯಾದಿ ಕೆಲಸಗಳಿಗೆ ಮಾತ್ರ ಟೆಂಡರ್ ಕರೆಯುವಂತೆ ಎರಡನ್ನೂ ಬೇರ್ಪಡಿಸಬಹುದು. ಇದಕ್ಕೆ ಬೇಕಾಗುವುದು ಹೆಚ್ಚಿನ ಹಣವಲ್ಲ, ಪ್ರಸ್ತಾವ ಬರೆಯುವಾಗಿನ ಎಚ್ಚರ.

ಶಿಲ್ಪ ಬರುವ ಇನ್ನೊಂದು ದಾರಿ ಶಿಲ್ಪ ಶಿಬಿರ. ಹೊರಗಿನ ಶಿಲ್ಪಿಗಳು ಬಂದು ಆವರಣದಲ್ಲೇ ಉಳಿದು ಕೆತ್ತಿ, ಸಮಾರೋಪದ ನಂತರ ಹೊರಟುಹೋಗುತ್ತಾರೆ. ಖರ್ಚು ಕಡಿಮೆ, ವಿದ್ಯಾರ್ಥಿಗಳಿಗೆ ಕಲಿಕೆ ಹೆಚ್ಚು. ಆದರೆ ಶಿಬಿರದ ಬಜೆಟ್‌ನಲ್ಲಿ ಊಟ, ವಸತಿ, ಕಲ್ಲು, ಸಂಭಾವನೆ ಇರುತ್ತವೆಯೇ ವಿನಾ ಕೃತಿಗಳನ್ನು ಮುಂದೆ ಎಲ್ಲಿ ನಿಲ್ಲಿಸಬೇಕೆಂಬುದು ಇರುವುದು ಅಪರೂಪ. ಕೆಲಸ ಮುಗಿದಲ್ಲೇ ಅವು ಉಳಿದುಬಿಡುತ್ತವೆ.

ಜಾಗ ತಪ್ಪಿದಾಗ

ನ್ಯೂಯಾರ್ಕಿನ ಒಂದು ಪ್ರಸಂಗ ಕ್ಯಾಂಪಸ್ಸಿನದ್ದಲ್ಲ, ಸರ್ಕಾರಿ ಕಚೇರಿಗಳ ಮುಂದಿನ ಅಂಗಳದ್ದು. ಆದರೂ ಈ ವಿಷಯದಲ್ಲಿ ಅದನ್ನು ಬಿಟ್ಟು ಮುಂದೆ ಹೋಗಲಾಗದು. 1981ರಲ್ಲಿ ಶಿಲ್ಪಿ ರಿಚರ್ಡ್ ಸೆರಾ ಅಲ್ಲಿ 120 ಅಡಿ ಉದ್ದ, 12 ಅಡಿ ಎತ್ತರದ, ತುಸು ವಾಲಿದ ಉಕ್ಕಿನ ಗೋಡೆಯೊಂದನ್ನು ನಿಲ್ಲಿಸಿದರು. ಅಂಗಳವನ್ನು ದಾಟುವವರು ತಮ್ಮ ನಡಿಗೆಯನ್ನು ಗಮನಿಸುವಂತಾಗಬೇಕು ಎಂಬುದು ಅವರ ಉದ್ದೇಶ. ದಿನವೂ ಆ ದಾರಿಯಲ್ಲಿ ಕೆಲಸಕ್ಕೆ ಬರುವ ನೌಕರರಿಗೆ ಮಾತ್ರ ಅದು ಸುತ್ತಿ ಬರಬೇಕಾದ ತಡೆಗೋಡೆಯಾಯಿತು. 1985ರ ಮಾರ್ಚ್‌ನಲ್ಲಿ ನಡೆದ ಬಹಿರಂಗ ವಿಚಾರಣೆಯಲ್ಲಿ 180 ಜನ ಮಾತನಾಡಿದರು. 122 ಜನ ಶಿಲ್ಪ ಉಳಿಯಲಿ ಎಂದರು, 58 ಜನ ತೆಗೆಯಿರಿ ಎಂದರು. ಸಮಿತಿ ಮಾತ್ರ 4–1 ಮತಗಳಿಂದ ತೆರವಿಗೆ ಶಿಫಾರಸು ಮಾಡಿತು. ಆ ಜಾಗಕ್ಕೆಂದೇ ಮಾಡಿದ ಕೃತಿಯನ್ನು ಅಲ್ಲಿಂದ ಎತ್ತಿದರೆ ಅದನ್ನು ನಾಶ ಮಾಡಿದಂತೆಯೇ ಎಂದು ಸೆರಾ ವಾದಿಸಿದರು. 1989ರ ಮಾರ್ಚ್ 15ರ ರಾತ್ರಿ ಅದನ್ನು ತುಂಡರಿಸಿ ಸಾಗಿಸಲಾಯಿತು.

ಶಿಲ್ಪ ಒಳ್ಳೆಯದಾಗಿತ್ತೇ ಎಂಬುದರ ಬಗ್ಗೆ ಇಂದಿಗೂ ಎರಡು ಅಭಿಪ್ರಾಯಗಳಿವೆ. ಆದರೆ ಒಂದು ಸಂಗತಿಯಲ್ಲಿ ಎರಡು ಮಾತಿಲ್ಲ. ಅಂಗಳವನ್ನು ದಿನವೂ ಬಳಸುವವರನ್ನು ಮೊದಲು ಕೇಳಿರಲಿಲ್ಲ. ನಾಲ್ಕು ವರ್ಷಗಳ ನಂತರ ನಡೆದ ವಿಚಾರಣೆ ಸ್ಥಾಪನೆಗೆ ಮುನ್ನವೇ ನಡೆದಿದ್ದರೆ ಶಿಲ್ಪಿ ಬೇರೆ ಕೋನವನ್ನು, ಬೇರೆ ಜಾಗವನ್ನು ಆರಿಸಬಹುದಿತ್ತು, ಇಲ್ಲವೇ ನೌಕರರು ಅದಕ್ಕೆ ಮನಸ್ಸು ಹೊಂದಿಸಿಕೊಳ್ಳಬಹುದಿತ್ತು. ಕ್ಯಾಂಪಸ್ಸಿನಲ್ಲಿ ಈ ತಪ್ಪನ್ನು ತಪ್ಪಿಸುವುದು ಕಷ್ಟವಲ್ಲ. ವಿದ್ಯಾರ್ಥಿಗಳು ಬಸ್ ನಿಲ್ದಾಣದಿಂದ ತರಗತಿಗೆ, ತರಗತಿಯಿಂದ ಗ್ರಂಥಾಲಯಕ್ಕೆ ಹುಲ್ಲಿನ ಮೇಲೆ ಸವೆಸಿದ ಕಾಲುದಾರಿಗಳು ಎಲ್ಲಿವೆ ಎಂದು ನೋಡಿದರೆ ಸಾಕು, ಶಿಲ್ಪ ಎಲ್ಲಿ ನಿಲ್ಲಬಾರದೆಂದು ತಿಳಿಯುತ್ತದೆ.

ಕೊಂಡವರು ಒಡೆಯಬಹುದೇ?

ಓದುಗರನ್ನು ಹೆಚ್ಚು ಗೊಂದಲಕ್ಕೆ ಕೆಡವುವ ಪ್ರಶ್ನೆ ಇದು. ಉತ್ತರ 1957ರ ಕೃತಿಸ್ವಾಮ್ಯ (ಕಾಪಿರೈಟ್) ಅಧಿನಿಯಮದ 57ನೇ ಪ್ರಕರಣದಲ್ಲಿದೆ. ಕೃತಿಯನ್ನು ಮಾರಿದ ಮೇಲೆಯೂ, ಕೃತಿಸ್ವಾಮ್ಯವನ್ನು ಬಿಟ್ಟುಕೊಟ್ಟ ಮೇಲೆಯೂ ಎರಡು ಹಕ್ಕುಗಳು ಕರ್ತೃವಿನ ಬಳಿ ಉಳಿಯುತ್ತವೆ. ಕೃತಿ ತನ್ನದೆಂದು ಹೇಳಿಕೊಳ್ಳುವ ಹಕ್ಕು ಒಂದು. ತನ್ನ ಗೌರವಕ್ಕೆ, ಹೆಸರಿಗೆ ಕುಂದು ತರುವಂತೆ ಕೃತಿಯನ್ನು ವಿಕೃತಗೊಳಿಸಿದರೆ, ಊನಗೊಳಿಸಿದರೆ, ಮಾರ್ಪಡಿಸಿದರೆ ತಡೆಯುವ ಅಥವಾ ಪರಿಹಾರ ಕೇಳುವ ಹಕ್ಕು ಇನ್ನೊಂದು. ವಸ್ತುವಿನ ಒಡೆತನ ಬೇರೆ, ಈ ಹಕ್ಕುಗಳು ಬೇರೆ. ವಿಶ್ವವಿದ್ಯಾಲಯದ ದಾಸ್ತಾನು ಪುಸ್ತಕದಲ್ಲಿ ಶಿಲ್ಪದ ಹೆಸರು ಏರಿದ ಮಾತ್ರಕ್ಕೆ ಶಿಲ್ಪಿಯ ಈ ಹಕ್ಕುಗಳು ಅಳಿಸಿಹೋಗುವುದಿಲ್ಲ.

ಈ 57ನೇ ಪ್ರಕರಣಕ್ಕೆ ಜೀವ ತುಂಬಿದ್ದು ಶಿಲ್ಪಿ ಅಮರನಾಥ ಸೆಹಗಲ್ ಅವರ ಮೊಕದ್ದಮೆ. ದೆಹಲಿಯ ವಿಜ್ಞಾನ ಭವನಕ್ಕಾಗಿ ಸರ್ಕಾರ 1957ರಲ್ಲಿ ಅವರಿಂದ ಕಂಚಿನ ಭಿತ್ತಿಶಿಲ್ಪವೊಂದನ್ನು ಮಾಡಿಸಲು ಒಪ್ಪಿತು. 140 ಅಡಿ ಉದ್ದ, 40 ಅಡಿ ಎತ್ತರದ ಆ ಕೃತಿ ಮುಗಿಯಲು ಐದು ವರ್ಷ ಹಿಡಿಯಿತು. ಅದು ಅಮೂರ್ತ ಶಿಲ್ಪವಲ್ಲ, ದೇಶದ ಜನಜೀವನವನ್ನು ಹೇಳುವಂಥದ್ದು. 1979ರಲ್ಲಿ ಕಟ್ಟಡದ ನವೀಕರಣದ ವೇಳೆ ಶಿಲ್ಪಿಗೆ ಒಂದು ಮಾತೂ ತಿಳಿಸದೆ ಅದನ್ನು ಕಿತ್ತು ಉಗ್ರಾಣಕ್ಕೆ ಹಾಕಲಾಯಿತು. ಕೀಳುವಾಗ ತುಂಡಾಯಿತು, ಕೆಲವು ಭಾಗಗಳು ಕಾಣೆಯಾದವು. ಕೃತಿ ತನ್ನದು, ಹಣ ಕೊಟ್ಟಾಗಿದೆ, ಏನು ಬೇಕಾದರೂ ಮಾಡಬಹುದು ಎಂದು ಸರ್ಕಾರ ವಾದಿಸಿತು. ದೆಹಲಿ ಹೈಕೋರ್ಟ್ 2005ರ ಫೆಬ್ರುವರಿ 21ರ ತೀರ್ಪಿನಲ್ಲಿ ಅದನ್ನು ಒಪ್ಪಲಿಲ್ಲ. ಕೃತಿಯ ನಾಶವೂ ಕರ್ತೃವಿನ ಹೆಸರಿಗೆ ಹಾನಿ ತರಬಲ್ಲದು ಎಂದು ಹೇಳಿ, ಉಳಿದ ಅವಶೇಷಗಳನ್ನು ಶಿಲ್ಪಿಗೆ ಹಿಂತಿರುಗಿಸಲು, 5 ಲಕ್ಷ ರೂಪಾಯಿ ಪರಿಹಾರ ಕೊಡಲು ಆದೇಶಿಸಿತು. ಶಿಲ್ಪ ಇಳಿದು 26 ವರ್ಷಗಳಾಗಿದ್ದವು.

ಇಷ್ಟಕ್ಕೇ ನಿಂತರೆ ಚಿತ್ರ ಅಪೂರ್ಣವಾಗುತ್ತದೆ. 1972ರಲ್ಲಿ ದೆಹಲಿಯ ಪ್ರಗತಿ ಮೈದಾನದಲ್ಲಿ ಕಟ್ಟಿದ ಹಾಲ್ ಆಫ್ ನೇಷನ್ಸ್ ಸಭಾಂಗಣವನ್ನು 2017ರಲ್ಲಿ ಕೆಡವಿದಾಗ ಅದರ ವಾಸ್ತುಶಿಲ್ಪಿ ರಾಜ್ ರೆವಾಲ್ ಇದೇ 57ನೇ ಪ್ರಕರಣವನ್ನು ಹಿಡಿದು ಅದೇ ನ್ಯಾಯಾಲಯಕ್ಕೆ ಹೋದರು. 2019ರಲ್ಲಿ ಅವರ ಮೊಕದ್ದಮೆ ವಜಾ ಆಯಿತು. ತನ್ನ ಜಾಗದಲ್ಲಿರುವ ಕಟ್ಟಡವನ್ನು ಪೂರ್ತಿ ಕೆಡವುವ ಮಾಲೀಕನ ಹಕ್ಕನ್ನು ವಾಸ್ತುಶಿಲ್ಪಿ ತಡೆಯಲಾಗದು, ವಿಕೃತಗೊಳಿಸುವುದು ಬೇರೆ, ಇಲ್ಲವಾಗಿಸುವುದು ಬೇರೆ ಎಂಬುದು ಅಲ್ಲಿನ ತರ್ಕ. ಅದು ಕಟ್ಟಡದ ಪ್ರಶ್ನೆ, ಶಿಲ್ಪದ್ದಲ್ಲ. ಹಾಗಿದ್ದರೂ ಪೂರ್ಣ ತೆರವಿನ ವಿಷಯದಲ್ಲಿ ಕಾನೂನು ಇನ್ನೂ ಗಟ್ಟಿಯಾಗಿ ನೆಲೆಗೊಂಡಿಲ್ಲ ಎಂಬುದನ್ನು ಎರಡು ತೀರ್ಪುಗಳನ್ನು ಒಟ್ಟಿಗೆ ಓದಿದವರು ಒಪ್ಪಬೇಕಾಗುತ್ತದೆ. ಕೃತಿಯನ್ನು ಪ್ರದರ್ಶಿಸದೆ ಇರುವುದು ಅಥವಾ ಕರ್ತೃವಿಗೆ ತೃಪ್ತಿಯಾಗುವಂತೆ ಪ್ರದರ್ಶಿಸದಿರುವುದು ಈ ಹಕ್ಕಿನ ಉಲ್ಲಂಘನೆಯಲ್ಲ ಎಂದು 57ನೇ ಪ್ರಕರಣದ ವಿವರಣೆಯೇ ಹೇಳುತ್ತದೆ. ಹಾಗಾಗಿ ಶಿಲ್ಪವನ್ನು ಜಾಗರೂಕತೆಯಿಂದ ಎತ್ತಿ ಬೇರೆಡೆ ಇಡುವುದಕ್ಕೂ ಗ್ಯಾಸ್ ಕಟರ್‌ನಿಂದ ಕತ್ತರಿಸಿ ಗುಜರಿಗೆ ಹಾಕುವುದಕ್ಕೂ ಕಾನೂನಿನ ಕಣ್ಣಿನಲ್ಲಿ ಬಹಳ ಅಂತರವಿದೆ.

ಇದರಿಂದ ಹುಟ್ಟುವ ಒಂದು ಪರಿಣಾಮವನ್ನು ಹೆಚ್ಚಿನವರು ಊಹಿಸಿರುವುದಿಲ್ಲ. ಉನ್ನತ ಶಿಕ್ಷಣ ಸಂಸ್ಥೆಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವ ವಾರ ಇಡೀ ಆವರಣಕ್ಕೆ ಸುಣ್ಣಬಣ್ಣ ನಡೆಯುತ್ತದೆ. ಆ ಭರಾಟೆಯಲ್ಲಿ ತುಕ್ಕಿನ ಬಣ್ಣದ ಉಕ್ಕಿನ ಶಿಲ್ಪಕ್ಕೂ ಯಾರಾದರೂ ಹಳದಿ ಎನಾಮಲ್ ಬಳಿದುಬಿಟ್ಟರೆ, ಮಾಡಿದವರ ಉದ್ದೇಶ ಒಳ್ಳೆಯದೇ ಇದ್ದರೂ, ಅದು ಕೃತಿಯ ಮಾರ್ಪಾಡು ಎಂದು ಶಿಲ್ಪಿ ತಕರಾರು ತೆಗೆಯಬಹುದು. ದುರಸ್ತಿಯ ವಿಷಯದಲ್ಲೂ ಕರ್ತೃವಿನ ಮಾತಿಗೆ ತೂಕವಿದೆ. 2024ರ ಜುಲೈನಲ್ಲಿ ಅಮೆರಿಕದ ಹ್ಯೂಸ್ಟನ್ ವಿಶ್ವವಿದ್ಯಾಲಯದ ಆವರಣದಲ್ಲಿದ್ದ ಶಾಜಿಯಾ ಸಿಕಂದರ್ ಅವರ 18 ಅಡಿ ಎತ್ತರದ ಸ್ತ್ರೀ ಶಿಲ್ಪದ ತಲೆಯನ್ನು ಬಿರುಗಾಳಿಯ ಹೊತ್ತಿನಲ್ಲಿ ಯಾರೋ ಕಡಿದುಹಾಕಿದರು. ಅದನ್ನು ಸರಿಪಡಿಸುವುದು ಬೇಡ, ನಡೆದದ್ದು ಕಾಣುವಂತೆ ಹಾಗೆಯೇ ಇರಲಿ ಎಂದು ಕಲಾವಿದೆಯೇ ಕೇಳಿಕೊಂಡರು.

2013ರ ಜನವರಿ 18ರ ಸುಪ್ರೀಂ ಕೋರ್ಟ್ ಆದೇಶದ ಪ್ರಸ್ತಾಪವೂ ಈ ಚರ್ಚೆಗಳಲ್ಲಿ ಬರುತ್ತದೆ. ಸಾರ್ವಜನಿಕ ರಸ್ತೆ, ಪಾದಚಾರಿ ಮಾರ್ಗ, ಸಾರ್ವಜನಿಕ ಉಪಯೋಗದ ಸ್ಥಳಗಳಲ್ಲಿ ಪ್ರತಿಮೆ ಅಥವಾ ಕಟ್ಟಡಕ್ಕೆ ಅನುಮತಿ ಕೊಡಬಾರದೆಂದು ಅದು ರಾಜ್ಯಗಳಿಗೆ ಹೇಳಿತು. ಅದರ ಮುಖ್ಯ ಕಾಳಜಿ ಜನಸಂಚಾರಕ್ಕೆ ಅಡ್ಡಿಯಾಗಬಾರದೆಂಬುದು. ವಿಶ್ವವಿದ್ಯಾಲಯದ ಕಾಂಪೌಂಡಿನೊಳಗಿನ ಹುಲ್ಲುಹಾಸನ್ನು ರಸ್ತೆಯೊಂದಿಗೆ ಸಮೀಕರಿಸುವುದು ಆ ಆದೇಶವನ್ನು ಎಳೆದು ಹಿಗ್ಗಿಸಿದಂತಾಗುತ್ತದೆ.

ಬಿಸಿಲು, ಮಳೆ, ಬೇಸ್ ಪ್ಲೇಟ್

ಅಮೂರ್ತ ಶಿಲ್ಪಗಳಲ್ಲಿ ಬಹುಪಾಲು ಹಾಳಾಗುವುದು ವಿರೋಧದಿಂದಲ್ಲ, ನೀರಿನಿಂದ. ಉಕ್ಕಿನ ಶಿಲ್ಪದ ಬುಡವನ್ನು ಬಗ್ಗಿ ನೋಡಿದರೆ ಇದು ತಿಳಿಯುತ್ತದೆ. ಕಾಂಕ್ರೀಟ್ ಕಟ್ಟೆಯ ಮೇಲೆ ಶಿಲ್ಪವನ್ನು ಹೊರುವ ಲೋಹದ ಹಲಗೆ, ಅಂದರೆ ಬೇಸ್ ಪ್ಲೇಟ್, ಅದರ ನಾಲ್ಕು ಮೂಲೆಗೆ ಬೋಲ್ಟು. ಕಟ್ಟೆಗೆ ಇಳಿಜಾರು ಕೊಡದಿದ್ದರೆ ಮಳೆನೀರು ಪ್ಲೇಟಿನ ಅಂಚಿನಲ್ಲಿ ನಿಲ್ಲುತ್ತದೆ. ತುಕ್ಕು ಮೊದಲು ಬೋಲ್ಟಿನ ಸುತ್ತ ಏಳುತ್ತದೆ, ನಂತರ ವೆಲ್ಡಿಂಗ್ ಮಾಡಿದ ಗೆರೆಯಲ್ಲಿ ಮೇಲೇರುತ್ತದೆ, ಕಟ್ಟೆಯ ಮೇಲೆ ಕಂದು ಬಣ್ಣದ ಸೋರಿದ ಗೆರೆಗಳು ಮೂಡುತ್ತವೆ. ತುಕ್ಕು ತಡೆಯಲೆಂದು ರೆಡ್ ಆಕ್ಸೈಡ್ ಬಳಿದು ಮೇಲೆ ಬಣ್ಣ ಹೊಡೆದ ಸಾಮಾನ್ಯ ಕಬ್ಬಿಣವಾದರೆ ಕೆಲವೇ ಮಳೆಗಾಲಗಳಲ್ಲಿ ಬಣ್ಣ ಹಪ್ಪಳೆ ಎದ್ದು ಕಳಚುತ್ತದೆ.

ತನ್ನ ತುಕ್ಕಿನ ಪದರವನ್ನೇ ಕವಚ ಮಾಡಿಕೊಳ್ಳುವ ಕಾರ್ಟೆನ್ ಉಕ್ಕು ಇದಕ್ಕೆ ಪರಿಹಾರವೆಂದು ಅನೇಕರು ನಂಬುತ್ತಾರೆ. ತಾಮ್ರ, ಕ್ರೋಮಿಯಂಗಳನ್ನು ಅಲ್ಪ ಪ್ರಮಾಣದಲ್ಲಿ ಬೆರೆಸಿದ ಈ ಉಕ್ಕು ನೆನೆದು ಒಣಗಿ, ಮತ್ತೆ ನೆನೆದು ಒಣಗಿದಾಗ ಗಟ್ಟಿ ಪದರ ಕಟ್ಟಿಕೊಳ್ಳುತ್ತದೆ. ಆದರೆ ನೀರು ನಿಲ್ಲುವ ಕಡೆ ಆ ಕವಚ ಗಟ್ಟಿಯಾಗುವುದೇ ಇಲ್ಲ, ತುಕ್ಕು ಒಳಗೊಳಗೇ ತಿನ್ನುತ್ತ ಹೋಗುತ್ತದೆ. ವರ್ಷದ ಹೆಚ್ಚಿನ ಭಾಗ ಒಣಹವೆ ಇರುವ ನಮ್ಮ ಬಯಲುಸೀಮೆ ಈ ಉಕ್ಕಿಗೆ ಕರಾವಳಿಗಿಂತ ಒಗ್ಗುತ್ತದೆ, ಷರತ್ತು ಎಂದರೆ ಬುಡದಲ್ಲಿ ನೀರು ನಿಲ್ಲಬಾರದು. ಸಿಮೆಂಟಿನ ಶಿಲ್ಪದಲ್ಲಿ ಅಪಾಯ ಒಳಗಿನ ಸರಳಿನದ್ದು. ಬಿರುಕಿನಲ್ಲಿ ನೀರಿಳಿದು ಸರಳು ತುಕ್ಕು ಹಿಡಿದು ಉಬ್ಬಿದರೆ ಹೊರಪದರ ಸಿಡಿದು ಬೀಳುತ್ತದೆ. ಎರೆ ಭೂಮಿಯಾದರೆ ಮಣ್ಣು ಮಳೆಗೆ ಹಿಗ್ಗಿ ಬೇಸಿಗೆಗೆ ಕುಗ್ಗುವುದರಿಂದ ಅಡಿಪಾಯವನ್ನು ಆಳಕ್ಕೆ, ಗಟ್ಟಿ ನೆಲ ಸಿಗುವವರೆಗೆ ಇಳಿಸಬೇಕು, ಇಲ್ಲದಿದ್ದರೆ ಎತ್ತರದ ಶಿಲ್ಪ ವಾಲುತ್ತದೆ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸಾಲುಗಟ್ಟಿರುವ ಸೀಮೆಯಲ್ಲಿ ಗಾಳಿಯ ಒತ್ತಡದ ಲೆಕ್ಕ ಹಾಕದೆ ಅಗಲ ತಗಡಿನ ಶಿಲ್ಪ ನಿಲ್ಲಿಸುವುದಂತೂ ಜನರ ಜೀವದ ಪ್ರಶ್ನೆ.

ಈ ಎಲ್ಲದರ ನಡುವೆ ಕಣ್ಣೆದುರಿಗೇ ಇರುವ ವಸ್ತು ಗ್ರಾನೈಟ್. ಚಿತ್ರದುರ್ಗದ ಕೋಟೆ ನಿಂತಿರುವುದು ಅಂಥ ಬಂಡೆಗಳ ಮೇಲೆಯೇ. ಕೆತ್ತನೆಗೆ ಸಮಯ ಹಿಡಿಯುತ್ತದೆ ನಿಜ, ಆದರೆ ನಿಲ್ಲಿಸಿದ ಮೇಲೆ ಅದು ಬೇಡುವುದು ಆಗಾಗ ಒಂದು ತೊಳೆತವನ್ನಷ್ಟೇ. ನಿರ್ವಹಣೆಗೆ ಹಣ ಎತ್ತಿಡಲಾಗದ ಸಂಸ್ಥೆಗಳು ಉಕ್ಕಿನ ಕಡೆ ನೋಡುವ ಮುನ್ನ ಕಲ್ಲಿನ ಕಡೆ ನೋಡುವುದು ಲೇಸು ಎಂಬುದು ನನ್ನ ಖಚಿತ ಅಭಿಪ್ರಾಯ.

ಮುಂದೇನಾಗಬಹುದು

ಈಗಿನ ರೀತಿಯೇ ಮುಂದುವರಿದರೆ ಎರಡು ಪರಿಣಾಮಗಳು ಕಾಣುತ್ತವೆ. ಟೀಕೆಗೆ ಹೆದರಿದ ಆಡಳಿತಗಳು ಅಮೂರ್ತ ಶಿಲ್ಪದ ಗೊಡವೆಯನ್ನೇ ಬಿಟ್ಟು, ಯಾರೂ ಪ್ರಶ್ನಿಸಲಾರದ ಪುತ್ಥಳಿಗಳಿಗೆ ಮಾತ್ರ ಜಾಗ ಕೊಡುತ್ತವೆ. ಪುತ್ಥಳಿ ಬೇಕೆನ್ನುವವರ ಆಸೆ ತಪ್ಪಲ್ಲ, ಮಹನೀಯರನ್ನು ಕಂಡು ಕಲಿಯುವುದು ವಿದ್ಯಾರ್ಥಿಗಳಿಗೆ ಬೇಕು. ಆದರೆ ಯಾರ ಪುತ್ಥಳಿ, ಯಾವ ಜಾಗದಲ್ಲಿ, ಎಷ್ಟು ಎತ್ತರ ಎಂಬ ಪೈಪೋಟಿ ಕ್ಯಾಂಪಸ್ಸಿನೊಳಗೆ ಬಂದರೆ ಅದು ಅಮೂರ್ತ ಶಿಲ್ಪದ ಜಗಳಕ್ಕಿಂತ ದೊಡ್ಡದಾಗುತ್ತದೆ. ಎರಡನೆಯ ಪರಿಣಾಮ ಕಲಾ ವಿದ್ಯಾರ್ಥಿಗಳ ಮೇಲಾಗುವಂಥದ್ದು. ಬಯಲಿನಲ್ಲಿ ದೊಡ್ಡ ಅಳತೆಯ ಕೆಲಸ ಮಾಡುವ ಅವಕಾಶ ತಮ್ಮದೇ ವಿಶ್ವವಿದ್ಯಾಲಯದಲ್ಲಿ ಸಿಗದಿದ್ದರೆ ಶಿಲ್ಪ ವಿಭಾಗದ ಪದವೀಧರರಿಗೆ ಆ ಅನುಭವ ಸಿಗುವುದು ಬೆಂಗಳೂರು, ಬರೋಡಾಗಳಿಗೆ ಹೋದ ಮೇಲೆಯೇ.

ದಾವಣಗೆರೆಯಲ್ಲಿ ಬೇರೆ ದಾರಿ ಸಾಧ್ಯವಿದೆ. ದೃಶ್ಯಕಲಾ ಮಹಾವಿದ್ಯಾಲಯದ ವಿದ್ಯಾರ್ಥಿಗಳು ಮತ್ತು ಅಧ್ಯಾಪಕರು ಶಿವಗಂಗೋತ್ರಿಯ ಒಂದು ನಿಗದಿತ ಬಯಲಿನಲ್ಲಿ, ಎಲ್ಲರ ಕಣ್ಣೆದುರು, ಈ ಸೀಮೆಯ ಕಲ್ಲಿನಲ್ಲಿ ಕೆಲಸ ಮಾಡುವ ವ್ಯವಸ್ಥೆಯಾದರೆ ಶಾಂತಿನಿಕೇತನದಲ್ಲಿ ಆದಂತೆ ಕೃತಿಯ ಜೊತೆಗೇ ಅದನ್ನು ಬಲ್ಲವರೂ ತಯಾರಾಗುತ್ತಾರೆ. ಎಲ್ಲ ಕೃತಿಗಳೂ ಶಾಶ್ವತವಾಗಿ ಉಳಿಯಬೇಕೆಂಬ ಹಟವೂ ಬೇಡ. ಮೂರು ಅಥವಾ ಐದು ವರ್ಷಗಳ ಅವಧಿಗೆ ನಿಲ್ಲಿಸಿ, ಅವಧಿ ಮುಗಿದಾಗ ಉಳಿಸಿಕೊಳ್ಳಬೇಕೇ ಎಂದು ಹೊಸದಾಗಿ ತೀರ್ಮಾನಿಸುವ ಕ್ರಮದಲ್ಲಿ ಒಪ್ಪದವರಿಗೂ ಸಮಾಧಾನವಿರುತ್ತದೆ.

ಒಪ್ಪಂದ ಮಾತ್ರ ಬರವಣಿಗೆಯಲ್ಲೇ ಇರಬೇಕು, ಕೃತಿ ವಿದ್ಯಾರ್ಥಿಯದಾದರೂ ಸರಿ, ಏಕೆಂದರೆ 57ನೇ ಪ್ರಕರಣ ಹೆಸರಾಂತ ಶಿಲ್ಪಿಗೂ ಅಂತಿಮ ವರ್ಷದ ವಿದ್ಯಾರ್ಥಿನಿಗೂ ಭೇದ ಮಾಡುವುದಿಲ್ಲ. ಕೃತಿ ಯಾವ ವಸ್ತುವಿನದು, ಯಾವ ಬಣ್ಣ, ಅದನ್ನು ಹೇಗೆ ತೊಳೆಯಬೇಕು, ದುರಸ್ತಿಗೆ ಯಾರನ್ನು ಕೇಳಬೇಕು, ವರ್ಷಕ್ಕೊಮ್ಮೆ ಬೋಲ್ಟು ಮತ್ತು ಬುಡವನ್ನು ಪರಿಶೀಲಿಸುವುದು ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ವಿಭಾಗದ ಹೊಣೆಯೇ ಎಂಬುದು ಅದರಲ್ಲಿರಲಿ. ತೆರವು ಅನಿವಾರ್ಯವಾದರೆ ಶಿಲ್ಪಿಗೆ ಇಂತಿಷ್ಟು ದಿನ ಮುಂಚೆ ಲಿಖಿತ ಸೂಚನೆ, ಸ್ವಂತ ಖರ್ಚಿನಲ್ಲಿ ಕೃತಿಯನ್ನು ಹಿಂದಕ್ಕೆ ಒಯ್ಯುವ ಮೊದಲ ಅವಕಾಶ, ಒಯ್ಯಲಾಗದಿದ್ದರೆ ಕೀಳುವ ಮುನ್ನ ಛಾಯಾಚಿತ್ರ ಮತ್ತು ಅಳತೆಗಳ ಪೂರ್ಣ ದಾಖಲೆ, ಇವಿಷ್ಟನ್ನು ಸ್ಥಾಪನೆಯ ದಿನವೇ ಬರೆದು ಇಬ್ಬರೂ ಸಹಿ ಹಾಕಿರಬೇಕು.